ಹೊಟ್ಟೆನೋವು ನಿಜಾನೇ, ನಾಟಕ ಅಲ್ಲ

ಪ್ರಶ್ನೆ: ನನ್ನ ಮಗಳಿಗೆ 8 ವರ್ಷ. ಎರಡು ತಿಂಗಳಿಂದ ಸ್ಕೂಲಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು, ಒಂದೊಂದು ದಿನ ವಾಂತಿ. ಸ್ಕ್ಯಾನ್, ರಕ್ತ ಪರೀಕ್ಷೆ ಎಲ್ಲ ಆಯ್ತು, ಏನೂ ಇಲ್ಲ ಅಂದರು. ನೋವು ಅಂದ ದಿನ ಮನೆಯಲ್ಲೇ ಇರಿಸಿಕೊಂಡರೆ ಹತ್ತು ಗಂಟೆಗೆಲ್ಲ ಆಡಿಕೊಂಡಿರುತ್ತಾಳೆ. ರಾತ್ರಿ ಮಲಗುವಾಗ ‘ಅಮ್ಮಾ, ನಿಂಗೇನೂ ಆಗಲ್ಲ ಅಲ್ವಾ?’ ಅಂತ ಹತ್ತು ಸಲ ಕೇಳುತ್ತಾಳೆ. ನಮ್ಮ ಯಜಮಾನರು ಇದೆಲ್ಲ ನಾಟಕ ಅನ್ನುತ್ತಾರೆ. ಹೌದಾ?

ಉತ್ತರ: ಅಲ್ಲ. ಇದನ್ನು ಮೊದಲು ಅವರಿಗೇ ಓದಿ ಹೇಳಿ. ಹೆದರಿಕೆಯಾದಾಗ ಮೈಯಲ್ಲಿ ಅಡ್ರಿನಾಲಿನ್ ಏರುತ್ತದೆ, ಎದೆ ಬಡಿದುಕೊಳ್ಳುತ್ತದೆ, ಓಡುವುದಕ್ಕೋ ಹೊಡೆದಾಡುವುದಕ್ಕೋ ಬೇಕು ಅಂತ ರಕ್ತ ಕೈಕಾಲಿನ ಕಡೆ ಹೋಗಿ ಹೊಟ್ಟೆಯ ಕೆಲಸ ನಿಧಾನವಾಗುತ್ತದೆ. ಹೊಟ್ಟೆ ಹಿಂಡಿದ ಹಾಗಾಗುವುದು ಅದರಿಂದ. ನಮಗಾದರೆ ಟೆನ್ಷನ್ ಅನ್ನುತ್ತೇವೆ, ಆ ಮಗುವಿಗೆ ಬಾಯಿಗೆ ಬರುವುದು ‘ಹೊಟ್ಟೆನೋವು’ ಅಷ್ಟೇ.

ನನಗೆ ನೋವಿಗಿಂತ ಜಾಸ್ತಿ ಕಾಡಿದ್ದು ರಾತ್ರಿಯ ಆ ಪ್ರಶ್ನೆ. ಅವಳಿಗೆ ಸ್ಕೂಲಿನ ಭಯಕ್ಕಿಂತ ನಿಮ್ಮನ್ನು ಬಿಟ್ಟಿರುವ ಭಯ ಇದೆ ಅನ್ನಿಸುತ್ತದೆ. ಒಂದೂವರೆ ವರ್ಷದ ಕೂಸು ಅಮ್ಮ ಕಾಣದಿದ್ದರೆ ಅಳುವುದು ಸಹಜ. 8 ವರ್ಷಕ್ಕೂ ಅದೇ ಭಯ, ಅದೂ 4 ವಾರ ದಾಟಿ, ಸ್ಕೂಲು ನಿದ್ದೆ ಎರಡನ್ನೂ ಕೆಡಿಸುತ್ತಿದ್ದರೆ ಡಾಕ್ಟರುಗಳು ಅದನ್ನು ಸಪರೇಷನ್ ಆಂಗ್ಸೈಟಿ ಡಿಸಾರ್ಡರ್ ಇರಬಹುದಾ ಅಂತ ನೋಡುತ್ತಾರೆ. ಬರೀ ಪತ್ರ ಓದಿ ನಾನು ಹೆಸರಿಡುವುದಿಲ್ಲ. ಸ್ಕೂಲಲ್ಲಿ ಯಾರಾದರೂ ಗೋಳುಹೊಯ್ದುಕೊಳ್ಳುತ್ತಿದ್ದಾರಾ, ಪಾಠ ಕಷ್ಟವಾಗುತ್ತಿದೆಯಾ, ಮನೆಯಲ್ಲಿ ಯಾರಿಗಾದರೂ ಹುಷಾರಿರಲಿಲ್ಲವಾ, ಮೆತ್ತಗೆ ವಿಚಾರಿಸಿ. ಕಾಟ ಕೊಡುವವರು ಇದ್ದರೆ ಮೊದಲು ಅದನ್ನು ನಿಲ್ಲಿಸಬೇಕು.

ಇನ್ನು ಆ ಹತ್ತು ಗಂಟೆಯ ಆಟ. ನಾಟಕ ಅನ್ನಿಸುವುದು ಅಲ್ಲೇ, ಅಲ್ವಾ? ಭಯದ ಸಮಯ ಕಳೆಯಿತು, ಮೈ ಸಡಿಲಾಯಿತು, ಅಷ್ಟೇ ಆಗಿದ್ದು. ಆದರೆ ಅವಳ ಮನಸ್ಸು ಇನ್ನೊಂದು ಲೆಕ್ಕ ಹಾಕಿರುತ್ತದೆ: ನಾನು ಮನೆಯಲ್ಲಿದ್ದೆ, ಅದಕ್ಕೇ ಅಮ್ಮನಿಗೆ ಏನೂ ಆಗಲಿಲ್ಲ. ಹಾಗಾಗಿ ಮಾರನೇ ದಿನ ಭಯ ಇನ್ನೂ ಜಾಸ್ತಿ. ಹತ್ತು ಸಲ ‘ಏನೂ ಆಗಲ್ಲ ಕಂದಾ’ ಅನ್ನುವುದೂ ಇದೇ ಕೆಲಸ ಮಾಡುತ್ತದೆ. ಕರುಳು ಕೇಳುವುದಿಲ್ಲ, ಗೊತ್ತು.

ರಾತ್ರಿ ಒಂದೇ ಸಲ ಉತ್ತರ ಕೊಡಿ. ಮತ್ತೆ ಕೇಳಿದರೆ ಗದರಬೇಡಿ, ‘ಇದು ನಿನ್ನ ಹೆದರಿಕೆ ಕೇಳ್ತಿರೋದು, ಉತ್ತರ ನಿಂಗೇ ಗೊತ್ತಲ್ಲ’ ಅಂತ ತಬ್ಬಿಕೊಂಡು ಸುಮ್ಮನಾಗಿ. ಟೀಚರ್ ಜೊತೆ ಮಾತಾಡಿ ಪೂರ್ತಿ ದಿನ ಆಗದಿದ್ದರೆ ಒಂದೆರಡು ಪೀರಿಯಡ್ಡಿನಿಂದ ಶುರು ಮಾಡಿ, ವಾರವಾರ ಹೆಚ್ಚಿಸಿ. ಗೇಟಿನ ಹತ್ತಿರ ಟಾಟಾ ಚಿಕ್ಕದಾಗಿರಲಿ. ಅವಳು ಅತ್ತ ನೋಡುವಾಗ ಕದ್ದು ಮಾತ್ರ ಬರಬೇಡಿ, ಆಮೇಲೆ ನಿಮ್ಮನ್ನೇ ನಂಬುವುದಿಲ್ಲ. ಎರಡು ತಿಂಗಳಾಗಿದೆಯಲ್ಲ, ಮಕ್ಕಳ ಮನೋವೈದ್ಯರನ್ನೋ ಸೈಕಾಲಜಿಸ್ಟ್ ಅನ್ನೋ ಈಗಲೇ ನೋಡಿ. ಭಯವನ್ನು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಎದುರಿಸಲು ಕಲಿಸುವ ಥೆರಪಿಯೇ ಸಿಬಿಟಿ, ಅವರು ಅದನ್ನು ಸರಿಯಾಗಿ ಮಾಡಿಸುತ್ತಾರೆ.

ಪ್ರಶ್ನೆ: 11 ವರ್ಷದ ಮಗನಿಗೆ ಆತಂಕಕ್ಕೆ ಸರ್ಟ್ರಲಿನ್ ಬರೆದುಕೊಟ್ಟಿದ್ದಾರೆ. ಅಭ್ಯಾಸ ಆಗಿಬಿಟ್ಟರೆ?

ಉತ್ತರ: ಅದು ನಿದ್ದೆ ಮಾತ್ರೆಯಲ್ಲ, ಚಟ ಹತ್ತಿಸುವುದಿಲ್ಲ. ಆದರೆ ತಟ್ಟನೆ ನಿಲ್ಲಿಸುವ ಹಾಗಿಲ್ಲ, ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕು. 2008ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 7ರಿಂದ 17 ವರ್ಷದ 488 ಮಕ್ಕಳಿದ್ದರು. ಬರೀ ಸಿಬಿಟಿ ಪಡೆದವರಲ್ಲಿ ಶೇಕಡ 60, ಬರೀ ಸರ್ಟ್ರಲಿನ್ ತೆಗೆದುಕೊಂಡವರಲ್ಲಿ 55, ಎರಡೂ ಸೇರಿದಾಗ ಸುಮಾರು 81ರಷ್ಟು ಮಕ್ಕಳು ಚೆನ್ನಾಗಿ ಸುಧಾರಿಸಿದರು. ಹಾಗಾಗಿ ಥೆರಪಿಯೂ ಇದೆಯಾ ಅಂತ ಡಾಕ್ಟರನ್ನು ಕೇಳಿ, ಬರೀ ಮಾತ್ರೆಗೆ ಒಪ್ಪಬೇಡಿ. ಶುರುವಿನ ಕೆಲವು ವಾರ ಮಗನ ಮೇಲೆ ಕಣ್ಣಿರಲಿ. ವಿಪರೀತ ಚಡಪಡಿಕೆ, ಸಿಟ್ಟು, ಸಾಯುವ ಮಾತು ಬಂದರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯದೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.