ಊರ ಹಿತ್ತಲು ಮಾರಲಾ ಅಂತ ಕೇಳಿದ ತಮ್ಮನಿಗೆ

ತಮ್ಮಾ, ಮೆಲ್ಬರ್ನ್‌ಗೆ ಬಂದು ಆರು ತಿಂಗಳಾಯಿತು, ಇಲ್ಲೇ ಮನೆ ಮಾಡಬೇಕು, ಅದಕ್ಕೆ ಚಳ್ಳಕೆರೆ ಕಡೆಯ ಊರಮನೆ, ಹಿತ್ತಲು ಮಾರಿಬಿಡಲಾ ಅಂತ ಕೇಳಿದ್ದೀಯ. ನಾನು ಹೊಳಲ್ಕೆರೆ ತಾಲ್ಲೂಕಿನವಳು. ಇಲ್ಲಿಗೆ ಬಂದು 17 ವರ್ಷ. ಈ ವರ್ಷ ಮಾರಬೇಡ.

ಊರಲ್ಲಿ ಮುಂಗಾರು ಬಿತ್ತನೆ ನಡೆಯುವಾಗ ಇಲ್ಲಿ ಚಳಿಗಾಲ, ಸಂಜೆ ಐದು ದಾಟಿದರೆ ಕತ್ತಲು. ಒಂದು ದಿನ ಎಲ್ಲ ಬಿಟ್ಟು ಹೋಗೋಣ ಅನಿಸುತ್ತದೆ, ಮಾರನೇ ದಿನ ಊರಿನ ಗೊಡವೆಯೇ ಬೇಡ ಅನಿಸುತ್ತದೆ. ಅಂಥ ಹೊತ್ತಲ್ಲಿ ಸಹಿ ಹಾಕಬಾರದು.

ನಮ್ಮ ಓಣಿಯಲ್ಲಿ ಜಾಗ ಬಿಟ್ಟವರನ್ನು ನೋಡಿದ್ದೇನೆ. ಬೋರ್ ಬತ್ತಿತು, ಇನ್ನೊಂದು ಕೊರೆಸಿದರು, ಅದೂ ಫೇಲ್ ಆಯಿತು, ಸಾಲಕ್ಕೆ ಹಿತ್ತಲು ಹೋಯಿತು. ಕೆಲವರು ಮಕ್ಕಳ ಓದಿಗೆ ಅಂತ ದಾವಣಗೆರೆ ಸೇರಿದರು. ಮಣ್ಣಿನ ಚಾವಣಿಯ ಮಾಳಿಗೆ ಮನೆ ಜನ ಇಲ್ಲದೆ ಉಳಿಯುವುದಿಲ್ಲ. ಮೇಲೆ ಮಣ್ಣು ಹಾಕಿಸುತ್ತಿರಬೇಕು, ಹುಲ್ಲು ಕೀಳಿಸಬೇಕು. ನಾಲ್ಕು ಮಳೆಗಾಲ ಬಿಟ್ಟರೆ ತೊಲೆ ಕೊಳೆತು ಗೋಡೆ ಕೂರುತ್ತದೆ. ಉಳಿಸಿಕೊಂಡವರೂ ಬರೀ ಪ್ರೀತಿಗೆ ಉಳಿಸಿಕೊಂಡಿಲ್ಲ. ದನ ಕಟ್ಟಲು, ಮೆಕ್ಕೆಜೋಳ ಒಣಗಿಸಲು, ಅಡಿಕೆ ಬೇಯಿಸಲು ಜಾಗ ಬೇಕು. ಹೊಲ ಇರುವ ತನಕ ಹಿತ್ತಲಿಗೆ ಕೆಲಸ ಇರುತ್ತದೆ. ಹೊಲ ಹೋದರೆ ಅಲ್ಲಿ ಜಾಲಿ ಬೆಳೆಯುತ್ತದೆ. ನಿಮ್ಮಣ್ಣ ಇನ್ನೂ ಶೇಂಗಾ ಬಿತ್ತುತ್ತಾನೆ ಅಂತ ನೀನೇ ಬರೆದಿದ್ದೀಯ. ಹಿತ್ತಲು ಮಾರಿದರೆ ಅವನು ಬಣವೆ ಎಲ್ಲಿ ಒಟ್ಟಬೇಕು?

ಜಾಗ ಗ್ರಾಮಠಾಣದ, ಅಂದರೆ ಊರಿನ ವಾಸದ ಎಲ್ಲೆಯ, ಒಳಗಿದೆಯಾ, ಹೊಲದ ಸರ್ವೆ ನಂಬರಿನಲ್ಲಿದೆಯಾ ನೋಡು. ಗ್ರಾಮಠಾಣವಾದರೆ ಪಂಚಾಯಿತಿಯಲ್ಲಿ ಇ-ಸ್ವತ್ತು ಅನ್ನುವ ಆಸ್ತಿ ದಾಖಲೆ ಸಿಗುತ್ತದೆ, ಹೊಲವಾದರೆ ಪಹಣಿ. ನಮ್ಮಂಥವರಿಗೆ ಈ ವ್ಯತ್ಯಾಸ ತುಂಬ ದೊಡ್ಡದು. ಹೊರದೇಶದಲ್ಲಿ ನೆಲೆಸಿದವರು ಹೊಲ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಹಿರಿಯರಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು, ಭಾರತದಲ್ಲೇ ಇರುವ ಭಾರತೀಯರಿಗೆ ಮಾರಬಹುದು. 2020ರಲ್ಲಿ ಕರ್ನಾಟಕದಲ್ಲಿ ರೈತರಲ್ಲದವರೂ ಹೊಲ ಕೊಳ್ಳಬಹುದು ಅಂತಾಯಿತಲ್ಲ, ಆದರೂ ನಮಗೆ ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆ, ಅಡ್ಡ ಬರುತ್ತದೆ. ಇವತ್ತು ಹೊಲ ಮಾರಿದರೆ, ಇಲ್ಲಿರುವ ತನಕ ಒಂದು ಗುಂಟೆಯನ್ನೂ ವಾಪಸ್ ಕೊಳ್ಳಲು ಆಗದು. ವಾಸದ ಮನೆಗೆ ಆ ಅಡ್ಡಿ ಇಲ್ಲ.

ನಿಮ್ಮಪ್ಪ ಹೋದ ಮೇಲೆ ಪೌತಿ ಖಾತೆ, ಅಂದರೆ ಅವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ, ಮಾಡಿಸಿದ್ದೀರಾ? ನಮ್ಮಲ್ಲಿ ಒಂಬತ್ತು ವರ್ಷ ಮಾಡಿಸಲಿಲ್ಲ. ಪಕ್ಕದವರು ಬೇಲಿಯನ್ನು ಒಳಗೆ ಸರಿಸಿದಾಗ ಕೈಯಲ್ಲಿ ಕಾಗದವೇ ಇರಲಿಲ್ಲ. ಅಮ್ಮ ಒಬ್ಬಳೇ ನಿಂತು ಜಗಳವಾಡಿದ್ದನ್ನು ಇಲ್ಲಿ ಫೋನಿನಲ್ಲಿ ಕೇಳಿ ಅತ್ತಿದ್ದೇನೆ. ಆಮೇಲೆ ನಾನೂ ಅಣ್ಣನೂ ಕೂತು ಮಾತಾಡಿದೆವು. ನನಗೂ ಸಮಪಾಲಿತ್ತು. ಅಲ್ಲೇ ಇದ್ದು ಉಳುವವನು ಅವನು. ರಜೆಗೆ ಹೋದಾಗ ಮನೆ, ಹಿತ್ತಲಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟೆ. ಹೊಲದಲ್ಲಿ ನನ್ನ ಪಾಲು ಇಟ್ಟುಕೊಂಡೆ. ಹಿತ್ತಲಿನ ನುಗ್ಗೆ ಮರ ಕಡಿಯಬೇಡ ಅಂತ ಮಾತ್ರ ಕೇಳಿಕೊಂಡೆ, ಅಮ್ಮ ನೆಟ್ಟಿದ್ದು.

ಇನ್ನೊಂದು ಮಾತು. ನಿನ್ನ ಕಾಗದದಲ್ಲಿ ಅಣ್ಣನ ಮಾತಿದೆ, ನಿನ್ನ ಮಾತಿದೆ. ತಂಗಿಯನ್ನು ಹಿರಿಯೂರಿಗೆ ಕೊಟ್ಟಿದ್ದೇವೆ ಅಂದೆ, ಅಷ್ಟೇ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಪ್ರಕಾರ ಪಿತ್ರಾರ್ಜಿತದಲ್ಲಿ ಅವಳಿಗೂ ನಿಮ್ಮಷ್ಟೇ ಪಾಲು. ಅವಳು ಏನಂತಾಳೆ ಅಂತ ನೀನು ಬರೆದೇ ಇಲ್ಲ. ಈ ಭಾನುವಾರ ಮೊದಲು ಅವಳಿಗೆ ಫೋನ್ ಮಾಡು.