ಮೂರು ತಿಂಗಳು ಕಳಿಸದೆ ಉಳಿದ ಮೆಸೇಜು

ಹುಡುಗನಿಗೆ ಇಪ್ಪತ್ತು ವರ್ಷ. ರೋಣದ ಕಡೆಯ ಹಳ್ಳಿ, ಉಳ್ಳಾಗಡ್ಡಿ ಬೆಳೆಯುವ ಮನೆ. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್, ನಾಲ್ಕನೇ ಸೆಮ್. ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ನನ್ನ ಹತ್ತಿರ ಕರೆತಂದವನು ರೂಮ್‌ಮೇಟ್. "ಮೇಡಂ, ಇಂವ ಊಟಕ್ಕ ಬರವಲ್ಲ, ಕ್ಲಾಸಿಗೂ ಬರವಲ್ಲ. ರಾತ್ರಿ ಪೂರಾ ಮೊಬೈಲ್ ಹಿಡಕೊಂಡು ಕುಂತಿರ್ತಾನ" ಅಂದ. ಗೇಮ್ ಇರಬೇಕು ಅಂದುಕೊಂಡೆ. ಇಷ್ಟು ವರ್ಷ ಹುಡುಗರ ಕೌನ್ಸೆಲಿಂಗ್ ಕೆಲಸ ಮಾಡಿದ ಮೇಲೂ ಮೊಬೈಲ್ ಅಂದ ಕೂಡಲೇ ಗೇಮ್ ಅಂದುಕೊಳ್ಳುವ ಚಟ ನನಗೆ ಹೋಗಿಲ್ಲ.

ಗೇಮ್ ಅಲ್ಲ. ಒಂದು ಮೆಸೇಜು. ವಾಟ್ಸ್ಆಪ್ ತೆಗೆದು ತೋರಿಸಿದ. ಮೇಲೆ ಅವನಿಗೆ ದಾರಿ ತೋರಿಸುವ ಮೆಂಟರ್ ಕಳಿಸಿದ್ದ ಮೂರು ಮೆಸೇಜು, ಒಂದಕ್ಕೂ ಉತ್ತರವಿಲ್ಲ. ಕೆಳಗೆ ಅರ್ಧ ಟೈಪ್ ಮಾಡಿದ ಸಾಲು: "ರೆಸ್ಪೆಕ್ಟೆಡ್ ಸರ್, ಐ ಆಮ್ ಎಕ್ಸ್‌ಟ್ರೀಮ್ಲಿ ಸಾರಿ ಫಾರ್..." ಅಲ್ಲಿಗೆ ನಿಂತಿತ್ತು. ದಿನಾ ರಾತ್ರಿ ಬರೆಯುವುದು, ಇಂಗ್ಲಿಷ್ ಸರಿ ಇದೆಯೋ ಇಲ್ಲವೋ ಅಂತ ನೋಡುವುದು, ಅಳಿಸುವುದು. ಮೂರು ತಿಂಗಳಿಂದ ಇದೇ ನಡೆದಿತ್ತು.

ಹಿಂದಿನ ಕಥೆ ಕೇಳಿದರೆ ಇವನು ಅಂಜುವ ಹುಡುಗನೇ ಅಲ್ಲ. ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇತ್ತು, ಮಕ್ಕಳೇ ಕೈಯಾರೆ ಏನಾದರೂ ಮಾಡಿ ನೋಡುವ ಸರ್ಕಾರಿ ಯೋಜನೆಯ ಲ್ಯಾಬ್. ನಮ್ಮ ಕಡೆ ಹೊಲಕ್ಕೆ ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತೆ ಅಂತ ರೈತರು ರಾತ್ರಿ ಎದ್ದು ಕೂರುತ್ತಾರಲ್ಲ, ಅದಕ್ಕೆ ಇವನು ಒಂದು ಪೆಟ್ಟಿಗೆ ಮಾಡಿದ್ದ. ಆರ್ಡುಯಿನೊ ಅನ್ನುವ, ಕೋಡ್ ಬರೆದು ನಡೆಸುವ ಪುಟ್ಟ ಬೋರ್ಡು, ಅದಕ್ಕೊಂದು ಸಿಮ್. ಕರೆಂಟ್ ಬಂದ ಕೂಡಲೇ ಅಪ್ಪನ ಫೋನಿಗೆ ಮಿಸ್ಡ್ ಕಾಲ್. ಊರಲ್ಲಿ ಇವನನ್ನು ಸೈಂಟಿಸ್ಟ್ ಅಂತಲೇ ಕರೆಯುತ್ತಿದ್ದರಂತೆ. 2016ರಲ್ಲಿ ಶುರುವಾದ ಈ ಲ್ಯಾಬ್ ಯೋಜನೆಯಲ್ಲಿ ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಆದರೆ ಅದು 6ನೇ ಕ್ಲಾಸಿನಿಂದ 12ರವರೆಗಿನ ಮಕ್ಕಳಿಗೆ. ಇಂಥ ಹುಡುಗರಿಗೆ ಕಷ್ಟ ಶುರುವಾಗುವುದೇ ಅದರ ಆಚೆ.

ಆಚೆಗೂ ಕೈ ಹಿಡಿಯಲಿ ಅಂತ ಒಂದು ಮೆಂಟರ್‌ಶಿಪ್ ಕಾರ್ಯಕ್ರಮಕ್ಕೆ ಸೇರಿದ್ದ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಒಬ್ಬರು ಹದಿನೈದು ದಿನಕ್ಕೊಮ್ಮೆ ವಿಡಿಯೊ ಕಾಲಿನಲ್ಲಿ ಒಂದು ತಾಸು ಸಿಗುತ್ತಾರೆ. ಕೋಡ್ ನೋಡುತ್ತಾರೆ, ರೆಸ್ಯೂಮ್ ತಿದ್ದುತ್ತಾರೆ, ಸುಮ್ನೆ ಅಭ್ಯಾಸಕ್ಕೆ ಇಂಟರ್‌ವ್ಯೂ ಮಾಡುತ್ತಾರೆ. ಮೊದಲ ಕೆಲಸ ಸಿಕ್ಕು ಒಂದು ವರ್ಷ ಆಗುವವರೆಗೂ ಜೊತೆಗಿರುತ್ತಾರೆ. ಸಂಬಳ ಇಲ್ಲದ ಕೆಲಸ ಅದು. ಮೂರನೇ ಸೆಮ್ಮಿನಲ್ಲಿ ಹುಡುಗನಿಗೆ ಎಂ-ತ್ರೀ, ಅಂದರೆ ಮೂರನೇ ಗಣಿತ ಪೇಪರು, ಫೇಲಾಗಿ ಹೋಯಿತು, ಜೊತೆಗೆ ಇನ್ನೊಂದು ಸಬ್ಜೆಕ್ಟ್. ಆ ವಾರದ ಕಾಲಿಗೆ ಜ್ವರ ಅಂತ ಸುಳ್ಳು ಹೇಳಿದ. ಮುಂದಿನದಕ್ಕೆ ಏನೂ ಹೇಳಲಿಲ್ಲ.

"ನನಗ ಏನೂ ಬರಂಗಿಲ್ಲ ಅಂತ ಗೊತ್ತಾದ್ರ ಸರ್ ಬ್ಯಾರೆ ಹುಡುಗನ್ನ ತಗೋತಾರ್ರಿ."

ಇಲ್ಲಿ ನಾನು ಒಂದು ತಪ್ಪು ಮಾಡಿದೆ. "ಮೊದಲು ಬ್ಯಾಕ್ ಕ್ಲಿಯರ್ ಮಾಡು, ಫೇಲಾದ ಪೇಪರು ಪಾಸಾಗು, ಆಮೇಲೆ ಸರ್‌ಗೆ ಬರೆದರಾಯಿತು" ಅಂದೆ. ಕೇಳಲು ಜಾಣತನದ ಮಾತು. ಮುಂದಿನ ವಾರ ಬಂದಾಗ ಇನ್ನೂ ಸೊರಗಿದ್ದ. ಆಗ ಹೊಳೆಯಿತು. ಅವನ ತಲೆಯಲ್ಲಿ ತಿರುಗುತ್ತಿದ್ದುದೂ ಇದೇ ಮಾತು ಅಲ್ವಾ? ಮೊದಲು ಸರಿಹೋಗಬೇಕು, ಆಮೇಲೆ ಮುಖ ತೋರಿಸಬೇಕು. ನಾನು ಅದಕ್ಕೆ ಸೀಲು ಒತ್ತಿ ಕಳಿಸಿದ್ದೆ.

ಎರಡನೇ ಸಲ ಬೇರೆ ಕಡೆಯಿಂದ ಕೇಳಿದೆ. ನಿಮ್ಮ ಸರ್ ಯಾವ ಊರವರು?

"ಹಾವೇರಿ ಕಡೆಯವರು ಅನಸ್ತದರಿ. ಒಮ್ಮೆ ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ ಬಗ್ಗೆ ಹೇಳಿದ್ರು."

"ಮತ್ತ ಕನ್ನಡದಾಗ ಯಾಕ ಬರೀವಲ್ಲಿ?"

ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. "ಅವರು ಟೆಕ್ನಾಲಜಿ ಸರ್ ಅಲ್ಲೇನ್ರಿ" ಅಂದ.

ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿದ ಹುಡುಗ. ನಾಚಿಕೆ ಅನ್ನುವುದನ್ನು ಬರದ ಭಾಷೆಯಲ್ಲಿ ಹೇಳಲು ಮೂರು ತಿಂಗಳು ಒದ್ದಾಡಿದ್ದ. ಅಲ್ಲೇ ಕೂತು ಬರೆಸಿದೆ. ಅವನ ಮೊದಲ ಪ್ರತಿಯಲ್ಲಿ ನಾಲ್ಕು ಸಲ ಕ್ಷಮೆ ಇತ್ತು, ಮೂರು ತೆಗೆಸಿದೆ. ಕೊನೆಗೆ ಉಳಿದದ್ದು ಇಷ್ಟು:

"ನಮಸ್ಕಾರ್ರಿ ಸರ್. ಎಂ-ತ್ರೀ ಮತ್ತ ಇನ್ನೊಂದು ಹೋಗ್ಯಾವ. ನಾಚಿಕಿಯಾಗಿ ಮಾತಾಡಿಲ್ಲ, ತಪ್ಪಾತು. ಪ್ರಾಜೆಕ್ಟಿನ್ಯಾಗ ಸೆನ್ಸರ್ ರೀಡಿಂಗ್ ಬರ್ತದ, ಫೈಲಿನ್ಯಾಗ ಸೇವ್ ಆಗವಲ್ದು. ಕೋಡ್ ಕಳಸ್ಲೇನ್ರಿ?"

ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಮತ್ತೊಮ್ಮೆ ಒರೆಸಿಕೊಂಡ. ಒತ್ತಿದ.

ಅವತ್ತು ಉತ್ತರ ಬರಲಿಲ್ಲ. ಮರುದಿನವೂ ಇಲ್ಲ. ಅವರಿಗೂ ಕೆಲಸ, ಮನೆ ಇರುತ್ತೆ, ತಡವಾದರೆ ನಿನ್ನ ಮೇಲೆ ಸಿಟ್ಟು ಅಂತ ತಿಳಿಯಬೇಡ ಅಂತ ಮೊದಲೇ ಹೇಳಿದ್ದೆ. ಆದರೂ ಆ ದಿನಗಳು ಕಷ್ಟದವು. ನನ್ನ ರೂಮಿನ ಹೊರಗಿನ ಬೆಂಚಿನ ಮೇಲೆ ಬಂದು ಸುಮ್ನೆ ಕೂತು ಹೋಗುತ್ತಿದ್ದ. ಐದನೇ ದಿನ ಬಂತು: "ಕೋಡ್ ಕಳಸು. ರವಿವಾರ ಮಾತಾಡೋಣು." ಅಷ್ಟೇ. ಬೈಗುಳವೂ ಇಲ್ಲ, ಸಮಾಧಾನವೂ ಇಲ್ಲ. ಹುಡುಗನಿಗೆ ಸ್ವಲ್ಪ ನಿರಾಸೆ ಆದಂತಿತ್ತು. ನನಗೆ ಆ ಮೆಂಟರ್ ಹಿಡಿಸಿದರು.

ಆಮೇಲಿನ ಭೇಟಿಗಳಲ್ಲಿ ಕೊಟ್ಟ ಸಲಹೆಯಲ್ಲಿ ಮುಖ್ಯವಾದದ್ದು ಹೊರೆ ಹಂಚುವುದು. ಒಬ್ಬ ಮೆಂಟರ್ ಮೇಲೆ ಎಲ್ಲ ಹೊರಿಸಬಾರದು. ಬ್ಯಾಕ್ ವಿಷಯಕ್ಕೆ ಕಾಲೇಜಿನ ಪ್ರಾಕ್ಟರ್, ಅಂದರೆ ವಿದ್ಯಾರ್ಥಿಗಳ ಓದು ನೋಡಿಕೊಳ್ಳುವ ಮೇಷ್ಟ್ರು, ಇದ್ದಾರೆ. ಸ್ಕಾಲರ್‌ಶಿಪ್ ನಿಂತರೆ ಕಾಲೇಜ್ ಆಫೀಸಿಗೆ ಹೋಗಿ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್ ಆದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಎಲ್ಲಿ ನಿಂತಿದೆ ನೋಡಬೇಕು. ರಾತ್ರಿ ಎದೆ ಭಾರ ಆದರೆ ನಾನಿರುವುದಿಲ್ಲ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇರುತ್ತೆ: 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಂಬರನ್ನು ಅವನ ಫೋನಿನಲ್ಲಿ ನಾನೇ ಸೇವ್ ಮಾಡಿಸಿದೆ. ಮೆಂಟರ್ ಹತ್ತಿರ ಒಯ್ಯಬೇಕಾದ್ದು ಬೇರೆ. "ಬರ್ತಿಲ್ಲ ಸರ್" ಅಂದರೆ ಅವರೇನು ಮಾಡಬೇಕು? ಇಲ್ಲಿವರೆಗೆ ಬಂತು, ಇದನ್ನು ಮಾಡಿ ನೋಡಿದೆ, ಇಲ್ಲಿ ನಿಂತಿತು ಅಂದರೆ ಆ ಒಂದು ತಾಸು ಸಾಲುತ್ತದೆ.

ಗೂಗಲ್ ಸಮ್ಮರ್ ಆಫ್ ಕೋಡ್‌ಗೆ ಈ ವರ್ಷ ಹಾಕಲಾಗಲಿಲ್ಲ, ಎಲ್ಲ ಮುಗಿಯಿತು ಅನ್ನುವ ಕೊರಗೂ ಇತ್ತು. ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್ ಪ್ರಾಜೆಕ್ಟುಗಳಿಗೆ ಮೆಂಟರ್ ಜೊತೆ ಕೋಡ್ ಬರೆಯುವ, 2005ರಿಂದ ನಡೆಯುತ್ತಿರುವ ಕಾರ್ಯಕ್ರಮ ಅದು. ಮೊದಲು ವಿದ್ಯಾರ್ಥಿಗಳಿಗೆ ಮಾತ್ರ ಇತ್ತು, 2022ರಿಂದ 18 ದಾಟಿದ ಹೊಸಬರಿಗೂ ತೆರೆದಿದೆ. ಡಿಗ್ರಿ ಮುಗಿಸಿಯೂ ಹಾಕಬಹುದು ಅಂತ ತೋರಿಸಿದೆ. ಅಲ್ಲಿ ಡೌಟುಗಳನ್ನು ಬಹುಪಾಲು ಎಲ್ಲರೆದುರೇ ಕೇಳಬೇಕು. ಹಾಗಾಗಿ ಈಗಿನ ಅಭ್ಯಾಸ ಅಲ್ಲಿಗೂ ಬೇಕಾದದ್ದೇ.

ಇಂಥ ಕಾರ್ಯಕ್ರಮ ನಡೆಸುವವರಿಗೂ ಒಂದು ಮಾತಿದೆ. ಇವನು ತುಂಬಿದ್ದ ಫಾರ್ಮ್ ನೋಡಿದೆ. ನಿನ್ನ ಶಕ್ತಿ ಏನು, ಐದು ವರ್ಷದಲ್ಲಿ ಎಲ್ಲಿರುತ್ತೀ ಅಂತೆಲ್ಲ ಕೇಳಿದ್ದಾರೆ. ಯಾವ ಭಾಷೆಯಲ್ಲಿ ಮಾತಾಡಿದರೆ ಹಗುರ ಅಂತ ಕೇಳಿಲ್ಲ. ಮತ್ತೆ, ಹುಡುಗ ಎರಡು ಕಾಲ್ ತಪ್ಪಿಸಿದರೆ ಮೆಸೇಜ್ ಬಿಡಿ, ಫೋನ್ ಮಾಡಿ.

ಮನೆಗೆ ಹೇಳುವ ಕೆಲಸ ಎಲ್ಲಕ್ಕಿಂತ ಬೇಗ ಮುಗಿಯಿತು. ನನ್ನ ಎದುರೇ ಫೋನ್ ಮಾಡಿದ. ಅಪ್ಪ ಕೇಳಿದ್ದು ಒಂದೇ: "ಎರಡು ಹೋದ್ರ, ಪಾಸಾದವು ಎಷ್ಟು?"

ಹೋದ ತಿಂಗಳು ಬಿಟ್ಟುಹೋಗಿದ್ದ ಛತ್ರಿ ಒಯ್ಯಲು ಬಂದಿದ್ದ. ಒಂದು ಬ್ಯಾಕ್ ಕ್ಲಿಯರ್ ಆಗಿದೆ, ಎಂ-ತ್ರೀ ಇನ್ನೂ ಇದೆ. ಕ್ಯಾಂಪಸ್‌ಗೆ ಬರುವ ಎಷ್ಟೋ ಕಂಪನಿಗಳು ಬ್ಯಾಕ್ ಇದ್ದವರನ್ನು ಕೂರಿಸಿಕೊಳ್ಳುವುದಿಲ್ಲ, ಅದರ ಭಯವೂ ಇದೆ. ರವಿವಾರದ ಕಾಲ್ ಹೇಗಿದೆ ಅಂತ ಕೇಳಿದೆ.

"ಮೊನ್ನೆ ಕೋಡ್ ಹತ್ತು ನಿಮಿಷ ನೋಡಿದ್ರು, ಉಳ್ಳಾಗಡ್ಡಿ ರೇಟ್ ಬಗ್ಗೆ ಅರ್ಧ ತಾಸು ಮಾತಾಡಿದ್ರು. ಈಗ ಮಾರಬ್ಯಾಡ ಅಂತ ಅಪ್ಪಗ ಹೇಳು ಅಂದ್ರು."

"ಹೇಳಿದಿ?"

"ಹೇಳೂದ್ರಾಗ ಮಾರಿಬಿಟ್ಟಿದ್ದಾರಿ ನಮ್ಮಪ್ಪ."