ತಲೆ ಅಡ್ಡಡ್ಡ ಆಡಿಸಿದರೆ ಹಾಲು ಇದೆಯೋ ಇಲ್ಲವೋ?

ಪ್ರಶ್ನೆ: ಮಗಳು ಮೆಡಿಕಲ್ ಓದಲು ಬಲ್ಗೇರಿಯಾದ ಪ್ಲೊವ್‌ಡಿವ್‌ಗೆ ಹೋಗಿದ್ದಾಳೆ. ಅಂಗಡಿಯಲ್ಲಿ ಹಾಲಿದೆಯಾ ಅಂತ ಕೇಳಿದರೆ ತಲೆ ಅಡ್ಡಡ್ಡ ಆಡಿಸುತ್ತಾರಂತೆ, ಇವಳು ಇಲ್ಲ ಅಂದುಕೊಂಡು ವಾಪಸ್ ಬರುತ್ತಾಳಂತೆ. ಅಲ್ಲಿ ಅದಕ್ಕೆ ಹೌದು ಅಂತಲೇ ಅರ್ಥವಾ? ಇವಳೂ ಹಾಗೇ ಆಡಿಸುವುದನ್ನು ರೂಢಿ ಮಾಡಿಕೊಳ್ಳಬೇಕಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಹೌದು, ಹಾಲು ಇತ್ತು. ಅಲ್ಲಿನವರು ಒಪ್ಪಿಗೆಗೆ ತಲೆಯನ್ನು ಒಮ್ಮೆ ಈ ಭುಜದ ಕಡೆ, ಒಮ್ಮೆ ಆ ಭುಜದ ಕಡೆ ವಾಲಿಸುತ್ತಾರೆ. ಸರಿಯಾಗಿ ನೋಡಿದರೆ, ನಾವು 'ಆಯ್ತು ಬಿಡಿ' ಅನ್ನುವಾಗ ತಲೆ ಆಡಿಸುವುದಕ್ಕೆ ಇದು ತುಂಬಾ ಹತ್ತಿರ. ಕಷ್ಟ ಇರುವುದು ಅವರ 'ಇಲ್ಲ'ದಲ್ಲಿ. ತಲೆಯನ್ನು ಒಂದು ಸಲ ಮೇಲಕ್ಕೆತ್ತುತ್ತಾರೆ, ಜೊತೆಗೆ ಹುಬ್ಬೂ ಏರುತ್ತದೆ, ಕೆಲವರು 'ಚ್' ಅಂತ ಲೊಚಗುಟ್ಟುತ್ತಾರೆ. ನಮ್ಮ ಕಣ್ಣಿಗೆ ಅದು ಹೂಂ ಅಂದ ಹಾಗೇ ಕಾಣುತ್ತದೆ.

ಹಿಂದೆ ಟರ್ಕಿಯವರು ಮತ ಬದಲಿಸಿ ಅಂತ ಕುತ್ತಿಗೆಗೆ ಕತ್ತಿ ಹಿಡಿದಿದ್ದರಿಂದ ಬಲ್ಗೇರಿಯದವರು ಬೇಕೆಂದೇ ತಲೆ ಉಲ್ಟಾ ಆಡಿಸಲು ಕಲಿತರು ಅಂತ ಒಂದು ಕಥೆ ಇದೆ. ನಾನಂತೂ ನಂಬುವುದಿಲ್ಲ. ಯಾಕೆಂದರೆ ತಲೆ ಮೇಲಕ್ಕೆತ್ತಿ ಬೇಡ ಅನ್ನುವ ಅಭ್ಯಾಸ ಗ್ರೀಸ್‌ನಲ್ಲೂ ಇದೆ, ಟರ್ಕಿಯಲ್ಲೇ ಇದೆ. ಪ್ರಾಚೀನ ಗ್ರೀಕ್ ಕವಿ ಹೋಮರನ ಇಲಿಯಡ್ ಕಾವ್ಯದಲ್ಲಿ ಟ್ರಾಯ್‌ನ ಹೆಂಗಸರು ಬೇಡಿಕೊಂಡಾಗ ಅಥೀನಾ ದೇವಿ ಹೀಗೇ ತಲೆ ಎತ್ತಿ ಆಗದು ಅನ್ನುತ್ತಾಳೆ. ಇಟಲಿಯಲ್ಲಿ ಇನ್ನೂ ಸ್ವಾರಸ್ಯ ಇದೆ: ರೋಮ್‌ನಲ್ಲಿ ನಮ್ಮ ಹಾಗೆ ಅಡ್ಡಡ್ಡ ಆಡಿಸಿ ಇಲ್ಲ ಅನ್ನುತ್ತಾರೆ, ದಕ್ಷಿಣಕ್ಕೆ ನೇಪಲ್ಸ್‌ಗೆ ಬಂದರೆ ತಲೆ ಮೇಲಕ್ಕೆತ್ತುತ್ತಾರೆ. ಆ ದಕ್ಷಿಣ ಭಾಗದಲ್ಲಿ 2,500 ವರ್ಷಗಳಿಗೂ ಹಿಂದೆ ಗ್ರೀಕರು ಬಂದು ನೆಲೆಸಿದ್ದರು.

ಮಗಳು ಅವರಂತೆ ಆಡಿಸಬೇಕಾ ಅಂದರೆ, ಈಗಲೇ ಬೇಡ. 1877–78ರಲ್ಲಿ ರಷ್ಯಾ ಟರ್ಕಿಯ ಮೇಲೆ ಯುದ್ಧಕ್ಕೆ ಹೋದಾಗ ಬಲ್ಗೇರಿಯಾದಲ್ಲಿದ್ದ ರಷ್ಯನ್ ಸೈನಿಕರಿಗೂ ಇದೇ ಗೊಂದಲವಾಯಿತು, ಅದನ್ನು ಭಾಷಾಶಾಸ್ತ್ರಜ್ಞ ರೋಮನ್ ಯಾಕಬ್ಸನ್ ಬರೆದಿಟ್ಟಿದ್ದಾರೆ. ಸೈನಿಕರು ಊರಿನವರಂತೆಯೇ ತಲೆ ಆಡಿಸಲು ಕಲಿತರು. ಆಮೇಲೆ ಗೊಂದಲ ಜಾಸ್ತಿಯೇ ಆಯಿತು, ಇವನು ಈಗ ಆಡಿಸಿದ್ದು ರಷ್ಯದ ರೀತಿಯೋ ನಮ್ಮ ರೀತಿಯೋ ಅಂತ ಊರಿನವರಿಗೇ ತಿಳಿಯದೆ ಹೋಯಿತು. ಇವತ್ತೂ ಅಷ್ಟೇ. ಪರದೇಶದವರನ್ನು ಕಂಡರೆ ಎಷ್ಟೋ ಬಲ್ಗೇರಿಯನ್ನರು ತಮ್ಮ ರೀತಿ ಬಿಟ್ಟು ಅವರ ರೀತಿಯಲ್ಲಿ ಆಡಿಸುತ್ತಾರೆ, ಇವಳೂ ಬದಲಾಯಿಸಿಬಿಟ್ಟರೆ ಎರಡೂ ಕಡೆ ಉಲ್ಟಾ ಅಲ್ವಾ?

ಮಾತು ಕೇಳಿಸಿಕೊಳ್ಳಲಿ. 'ದಾ' ಅಂದರೆ ಹೌದು, 'ನೆ' ಅಂದರೆ ಇಲ್ಲ. ತಾನು ಉತ್ತರ ಕೊಡುವಾಗಲೂ ತಲೆ ಆಡಿಸದೆ ಬಾಯಿಬಿಟ್ಟು ಹೇಳಲಿ. ಅಂಗಡಿಯಲ್ಲಿ ತಪ್ಪಿದರೆ ಒಂದು ಪ್ಯಾಕೆಟ್ ಹಾಲು ತಪ್ಪಬಹುದು ಅಷ್ಟೇ. ಆದರೆ ಮುಂದೆ ಆಸ್ಪತ್ರೆಯ ವಾರ್ಡಿಗೆ ಹೋಗಿ ರೋಗಿಯ ಹೊಟ್ಟೆ ಒತ್ತಿ, ಇಲ್ಲಿ ನೋವಿದೆಯಾ, ಈ ಮಾತ್ರೆ ಆಗಿಬರುತ್ತಾ ಅಂತ ಅವಳು ಕೇಳಬೇಕು. ಆಗ ವಯಸ್ಸಾದವರೊಬ್ಬರು ಸುಮ್ನೆ ತಲೆ ಮೇಲಕ್ಕೆತ್ತಿದರೆ ಅದನ್ನು ಹೌದು ಅಂತ ಬರೆದುಕೊಳ್ಳದೆ, ಬಾಯಿಬಿಟ್ಟು ಹೇಳಿ ಅಂತ ಇನ್ನೊಂದು ಸಲ ಕೇಳಲಿ.